ಸರದಿ ಹೊಂದಿಸುತ್ತಿದ್ದ ಮೇಷ್ಟ್ರು

ಇದ್ದಷ್ಟರಲ್ಲೇ ಒಳ್ಳೆಯ ಹಂಚಿಕೆ ಹುಡುಕುವ ಗಣಿತ, ಆಪರೇಷನ್ಸ್ ರಿಸರ್ಚ್, ನಮಗೆ ಡಿಗ್ರಿಯಲ್ಲಿ ಕಲಿಸಿದವರು ಈ ಮೇಷ್ಟ್ರು. "ಎಂತ ಬದಲ್ಸೂಕ್ ಆತಿಲ್ಲೆ, ಮೊದ್ಲ್ ಅದ್ ಹೇಳಿ" ಎಂದೇ ಪ್ರತಿ ಲೆಕ್ಕ ಶುರು. ಹೇಳುತ್ತ ಬೆರಳುಜ್ಜಿ ಸೀಮೆಸುಣ್ಣದ ಪುಡಿ ಉದುರಿಸುವರು.

ವರ್ಷಗಳ ಮೇಲೆ, ಅಮ್ಮನನ್ನು ಡಯಾಲಿಸಿಸ್‌ಗೆಂದು ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದಾಗ ಪಕ್ಕದ ಹಾಸಿಗೆಯಲ್ಲಿ ಅವರೇ ರೋಗಿಯಾಗಿ ಮಲಗಿದ್ದರು. ಬೈಂದೂರು, ವಂಡ್ಸೆಯಿಂದ ಬರುವವರಿಗೆ ಬಸ್ಸು ಸಿಗುವಂತೆ ಎಲ್ಲರ ಸರದಿಯನ್ನೂ ಅವರೇ ಹೊಂದಿಸುತ್ತಿದ್ದರು.

ಒಮ್ಮೆ ಒಂದು ಯಂತ್ರ ಕೆಟ್ಟಿತು. ಹೊಸದು ಬರುವುದು ತಡವೆಂದರು. ಸರದಿ ತಪ್ಪಿದರೆ ಜೀವಕ್ಕೇ ಅಪಾಯ. ಮೇಷ್ಟ್ರು ಬೆರಳುಜ್ಜುತ್ತ ಸರದಿಯ ಪಟ್ಟಿ ನೋಡಿದರು.

"ಎಲ್ಲರನ್ನೂ ಹೊಂದ್ಸೂಕ್ ಆತಿಲ್ಲೆ. ಒಬ್ರ್ ಬೇರೆ ಕಡೆ ಹೋಯ್ಕ್."

"ಯಾರ್ ಸಾರ್?" ನರ್ಸ್ ದನಿ ತಗ್ಗಿತು.

"ಉಡುಪಿಯಂಗೆ ನನ್ ಮಗ್ಳ್ ಮನಿ ಇತ್ತ್. ನಾ ಅಲ್ಲಿನ ಆಸ್ಪತ್ರೆಗ್ ಹೋತೆ."

ಅವರು ಮತ್ತೆ ಊರಿಗೆ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಉಡುಪಿಯಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ಅಮ್ಮ ಯಂತ್ರದ ಬಳಿ ಮಲಗಿದ್ದಳು.

"ಮಾಷ್ಟ್ರ್ ನಿಂಗೆ ಎಂತ ಕಲ್ಸಿದ್ದ್?" ಎಂದು ಕೇಳಿದಳು.

"ಇದ್ದದ್ದನ್ನ ಎಲ್ರಿಗೂ ಸಾಕಪ್ಪ ಹಾಂಗ್ ಹಂಚುದ್."

"ಹಂಗಾರೆ ಅವ್ರಿಗೆ ಎಂತ ಉಳೀತ್?"

ಪಕ್ಕದ ಹಾಸಿಗೆಯಲ್ಲಿ, ಮೇಷ್ಟ್ರ ಸರದಿಯಲ್ಲಿ, ಬೈಂದೂರಿನ ಮೀನು ಮಾರುವ ಹೆಂಗಸು ನಿದ್ದೆ ಹೋಗಿದ್ದಳು.