ಕೊನೆಯ ಹೊಲದ ಉತ್ತರ

ಒಂಬತ್ತನೇ ತರಗತಿಯ ಭಾಗ್ಯಳ ಇಂಗ್ಲಿಷ್ ನೋಟ್‌ಬುಕ್ಕು ತೆರೆದರೆ ಕಾಲುವೆ ನೀರಿನ ವಾಸನೆ. ಎಲ್ಲೋ ನೀರಿಗೆ ಬಿದ್ದು, ಬಿಸಿಲಿಗೆ ಒಣಗಿ, ಹಪ್ಪಳದಂತೆ ಸೆಟೆದುಕೊಂಡಿತ್ತು. ಹತ್ತು ವಾಕ್ಯ ಬರೆದಿದ್ದಳು. ಪ್ರತಿಯೊಂದರ ಕೊನೆಗೂ 'ಈಸಂಟ್ ಇಟ್?' ಥರದ ಕ್ವೆಶ್ಚನ್ ಟ್ಯಾಗ್ ಹಚ್ಚಬೇಕಿತ್ತು, ಒಂದಕ್ಕೂ ಹಚ್ಚಿರಲಿಲ್ಲ. ಯಾದಗಿರಿಯ ಶಾಲೆಯೊಂದರ ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ಹಿಡಿದು ಕೂತ ನನಗೆ ಆ ಖಾಲಿ ಗೆರೆಗಳನ್ನು ಕಂಡು ಹಳೆಯ ಕಳವಳ ಎದ್ದಿತು. ನಗಬೇಡಿ. ಇಂಗ್ಲಿಷ್ ಕಲಿಸುತ್ತ ಇಷ್ಟು ವರ್ಷವಾದರೂ ಟ್ಯಾಗ್ ಎಂದರೆ ನನ್ನ ಅಂಗೈ ಈಗಲೂ ಬೆವರುತ್ತದೆ.

ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮೂರಿಗೆ ಕಾಲುವೆ ಬಂದು ಕೆಲವೇ ವರ್ಷವಾಗಿತ್ತು. ಜೋಳ, ತೊಗರಿ ಬಿಟ್ಟು ಬೇರೆ ಗೊತ್ತಿಲ್ಲದ ಜನ ಭತ್ತ ಹಚ್ಚಲು ಕಲಿಯುತ್ತಿದ್ದರು, ನಾನು ಇಂಗ್ಲಿಷ್ ಕಲಿಯುತ್ತಿದ್ದೆ. ಅವರು ನನಗಿಂತ ಬೇಗ ಕಲಿತರು. ಹತ್ತನೇ ತರಗತಿಯಲ್ಲಿ ಉಳಿದದ್ದೆಲ್ಲ ಪಾಸು, ಇಂಗ್ಲಿಷ್ ಒಂದೇ ಫೇಲು. ಮರುಪರೀಕ್ಷೆಗೆ ಓದಿಸಲು ಸುರಪುರದಿಂದ ಮಾಸ್ತರೊಬ್ಬರು ಸೈಕಲ್ ತುಳಿದು ಬರುತ್ತಿದ್ದರು. ಟ್ಯಾಗಿನ ನಾಲ್ಕು ಮಾರ್ಕು ಕಟ್ಟಿಟ್ಟ ಬುತ್ತಿ ಎನ್ನುವುದು ಅವರ ನಂಬಿಕೆ.

"ಮುಂದ ಹೌದಂದ್ರ ಹಿಂದ ಇಲ್ಲ, ಮುಂದ ಇಲ್ಲಂದ್ರ ಹಿಂದ ಹೌದು. ಇಷ್ಟ ಅದ ನೋಡವಾ. ಇದಕ್ಯಾಕ ಅಷ್ಟು ಅಂಜ್ತಿ?"

ಅಂಜದೆ ಏನು ಮಾಡಲಿ? ನಮ್ಮ ಮನೆಯಲ್ಲಿ ಎಲ್ಲ ಮಾತಿಗೂ ಒಂದೇ ಬಾಲ, 'ಹೌದಿಲ್ಲ?' ಇಂಗ್ಲಿಷಿನವರೋ ವಾಕ್ಯಕ್ಕೊಂದು ಬೇರೆ ಬಾಲ ಹೊಲಿಯುತ್ತಾರೆ. ಹಗಲೆಲ್ಲ ಎಮ್ಮೆಯ ಮುಂದೆ ಕೂತು 'ದಿ ಬಫೆಲೋ ಈಸ್ ಬ್ಲ್ಯಾಕ್, ಈಸಂಟ್ ಇಟ್?' ಎಂದು ಕೇಳುತ್ತಿದ್ದೆ. ಎಮ್ಮೆ ಮೆಲುಕು ಹಾಕುತ್ತಿತ್ತು. ನಾನು ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದೆ.

ಫೇಲಾದರೆ ಬರೀ ಫೇಲಾಗಿ ಮುಗಿಯುತ್ತಿರಲಿಲ್ಲ. ಕೊಂಕಲ್‌ನ ಸೋದರತ್ತೆ ತನ್ನ ಮಗನಿಗೆ ನನ್ನನ್ನು ಕೇಳಿ ಕೂತಿದ್ದಳು. ಪರೀಕ್ಷೆಗೆ ಎರಡು ದಿನ ಉಳಿದಿದ್ದಾಗ, ಮುಂಜಾನೆ ಅಪ್ಪ ಚಪ್ಪಲಿ ಮೆಟ್ಟುತ್ತ ಅಂದ: "ಈ ಸಲಾನೂ ಫೇಲಾದ್ರ ನಿಮ್ಮತ್ತಿಗಿ ಮಾತು ಕೊಟ್ಟುಬಿಡ್ತೀನಿ. ನಿನಗೂ ಒಪ್ಪಿಗಿ ಅದ, ಹೌದಿಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಳ ದಾಟಿದ್ದ. ಅವತ್ತು ಪುಸ್ತಕದ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಕೆಟ್ಟವನಲ್ಲ ನನ್ನಪ್ಪ. ಕಾಲುವೆಯ ಗೇಟು ಕಾಯುವ ಕೆಲಸ ಅವನದು. ಗೇಟು ಇಳಿಸುವ ಮೊದಲು ಹೊಲಗಳ ಕಡೆ ಮುಖ ಮಾಡಿ, "ಸಾಕಾತು, ಹೌದಿಲ್ರೋ?" ಎಂದು ಕೂಗುತ್ತಿದ್ದ. ಆ ಕೂಗು ಹೊಲದಿಂದ ಹೊಲಕ್ಕೆ ದಾಟಿ, ಕೊನೆಯ ಹೊಲದ ಗುಂಡಮ್ಮನನ್ನು ಮುಟ್ಟಬೇಕು. ಆಕೆಯ ಉತ್ತರ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಅಲ್ಲಿಯತನಕ ಅಪ್ಪ ಗೇಟಿನ ಚಕ್ರ ತಿರುಗಿಸುತ್ತಿರಲಿಲ್ಲ. ಯಾವ ಕಾಗದದಲ್ಲೂ ಇಲ್ಲದ ನಿಯಮ ಇದು. ಮೊದಲ ವರ್ಷ ಒಮ್ಮೆ ಕಾಯದೆ ಇಳಿಸಿ, ಆ ಒಂಟಿ ಹೆಂಗಸಿನ ಸಸಿಯೆಲ್ಲ ಒಣಗಿಹೋದ ಮೇಲೆ ತನಗೆ ತಾನೇ ಹಾಕಿಕೊಂಡ ಕಟ್ಟಳೆ.

ಅವತ್ತು ಮಧ್ಯಾಹ್ನ ಅಪ್ಪನಿಗೆ ರೊಟ್ಟಿ ಕಟ್ಟಿಕೊಂಡು ಗೇಟಿನ ಹತ್ತಿರ ಹೋದೆ. ಅಪ್ಪ ಆಗಷ್ಟೇ ಕೂಗಿ, ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದ. ನಾನೂ ನಿಂತೆ. ಬಹಳ ಹೊತ್ತಿನ ಮೇಲೆ ಪಕ್ಕದ ಹೊಲದವನ ದನಿ ಬಂತು: "ಗುಂಡಮ್ಮ ಇನ್ನಾ ಇಲ್ಲ ಅಂತಾಳ್ರೀ!"

"ಆಗ್ಲಿ ಬಿಡೋ," ಎಂದು ಅಪ್ಪ ಕೈ ತೆಗೆದ.

ಎಲ್ಲಿಂದ ಬಂತೋ ಧೈರ್ಯ! "ಎಪ್ಪಾ, ಗುಂಡಮ್ಮನ ಉತ್ರಕ್ಕ ಇಷ್ಟೊತ್ತು ನಿಂತಿ. ನನಗೂ ಕೇಳಿದೆಲ್ಲ ಮುಂಜಾನಿ, ಯಾಕ ನಿಂದ್ರಲಿಲ್ಲ?"

ಅಪ್ಪ ನನ್ನನ್ನೇ ನೋಡಿದ. ಹೊಡೆಯುತ್ತಾನೇನೋ ಅಂದುಕೊಂಡೆ. ಅವನು ಕಾಲುವೆಯ ದಂಡೆಯ ಮೇಲೆ ಕೂತ.

"ಈಗ ಕುಂತೀನಿ. ಹೇಳು."

"ನನಗ ಒಪ್ಪಿಗಿ ಇಲ್ಲ. ಫೇಲಾದ್ರೂ ಇಲ್ಲ."

ಅಪ್ಪ ರೊಟ್ಟಿ ಬಿಚ್ಚಿದ, ಮುರಿದ, ಒಂದು ತುತ್ತು ತಿಂದ. "ಫೇಲಾದ್ರ ಮತ್ತ ಬರಿ," ಅಂದ. "ನಿಮ್ಮತ್ತಿಗಿ ನಾ ಹೇಳ್ತೀನಿ."

ಶಹಾಪುರದ ಪರೀಕ್ಷಾ ಕೇಂದ್ರದಲ್ಲಿ ನಾಲ್ಕೂ ಟ್ಯಾಗ್ ಬರೆದೆ. ಎಷ್ಟು ಸರಿಯಾದವೋ ದೇವರಿಗೇ ಗೊತ್ತು. ಕೂದಲೆಳೆಯ ಅಂತರದಲ್ಲಿ ಪಾಸಾದೆ.

ಇವತ್ತು ಭಾಗ್ಯಳನ್ನು ಕರೆಸಿದೆ. ಓಢಣಿಯ ತುದಿ ತಿರುವುತ್ತ ನಿಂತಳು. ಮಕ್ಕಳಿಗೆ ನಾನು ದಿನವೂ ಕೇಳುವ ಮಾತೊಂದಿದೆ, ಅದನ್ನೇ ಕೇಳಿದೆ: "ಮನ್ಯಾಗ ಎಲ್ಲಾ ಸರಿ ಅದ, ಹೌದಿಲ್ಲ?" ಅವರು 'ಹೂನ್ರಿ' ಅನ್ನುವಷ್ಟರಲ್ಲಿ ನಾನು ಮುಂದಿನ ನೋಟ್‌ಬುಕ್ಕಿಗೆ ಹೋಗಿರುತ್ತೇನೆ. ಎಷ್ಟು ವರ್ಷದಿಂದ ಹೀಗೆ ಕೇಳುತ್ತಿದ್ದೇನೋ! ನೆನೆದು ನಾಚಿಕೆಯಾಯಿತು.

ಪೆನ್ನಿನ ಮುಚ್ಚಳ ಹಾಕಿದೆ. ಗಂಟೆ ಹೊಡೆಯಿತು, ಮುಂದಿನ ಪಾಠ ನನ್ನದೇ ಇತ್ತು. ಏಳಲಿಲ್ಲ. ಭಾಗ್ಯ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ನನ್ನ ಕಡೆ.

"ಇಲ್ರಿ ಟೀಚರ್," ಅಂದಳು.

ಪಕ್ಕದ ಕುರ್ಚಿಯನ್ನು ಅವಳ ಕಡೆ ಎಳೆದೆ.