ಹಿತ್ತಿಲ ಚಿಲಕ ತೆಗೆದ ಪುಟ್ಟಲಿಂಗಮ್ಮ

ಹಿನಕಲ್‌ನ ಆ ಅಂಗನವಾಡಿಗೆ ಇರುವುದು ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಅಕ್ಕಿಬೇಳೆಯ ಮೂಟೆ, ಅದರಲ್ಲೇ ಅ ಆ ಇ ಈ. ಮಿಕ್ಕ ಜಾಗದಲ್ಲಿ ಮಕ್ಕಳು ಮಂಡಿಗೆ ಮಂಡಿ ತಾಗಿಸಿಕೊಂಡು ಕೂರಬೇಕು. ಅಲ್ಲೇ ಅರ್ಧ ಆಯಸ್ಸು ಸವೆಸಿದ ಪುಟ್ಟಲಿಂಗಮ್ಮ ಟೀಚರಿಗೆ ಒಂದು ಹೆಮ್ಮೆ: ತಮ್ಮ ಕಣ್ಣು ತಪ್ಪಿಸಿ ಒಂದು ಮಗುವೂ ಆಚೆ ಹೋಗಿದ್ದಿಲ್ಲ. ಮುಂದೆ ರಸ್ತೆ, ಹಿಂದೆ ನೆರೆಮನೆಯ ಚಾಮುಂಡಮ್ಮನ ಹಿತ್ತಿಲು. ಎರಡೂ ಕಡೆ ಚಿಲಕ. ಮಕ್ಕಳನ್ನು ಕಾಯುವುದೆಂದರೆ ಚಿಲಕ ಹಾಕುವುದೆಂದೇ ಅವರು ನಂಬಿದ್ದರು, ಪಾಪ.

ಆ ನಂಬಿಕೆಗೆ ಸಂಚಕಾರ ತಂದವಳು ಮೂರೂವರೆ ವರ್ಷದ ಪ್ರೀತಿ. ಅವಳು ಕಚ್ಚುತ್ತಿದ್ದಳು. ಗದರಿದ್ದಾಯಿತು, ಮುದ್ದು ಮಾಡಿದ್ದೂ ಆಯಿತು. ಕೊನೆಗೆ ಟೀಚರಮ್ಮ ಅವಳನ್ನು ಮೂಟೆಗೂ ಗೋಡೆಗೂ ನಡುವಿನ ಸಂದಿಯಲ್ಲಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಕಚ್ಚುವುದು ಇನ್ನೂ ಹೆಚ್ಚಾಯಿತು. ಹೆಚ್ಚಾಗದೆ ಇನ್ನೇನಾದೀತು?

ಚಾಮುಂಡಮ್ಮನ ಮೊಮ್ಮಗ ಸಿದ್ದುವಿನ ತೋಳಲ್ಲಿ ಹಲ್ಲಿನ ಗುರುತು ಮೂಡಿದ ದಿನ ಅಜ್ಜಿ ಬಾಗಿಲಲ್ಲಿ ನಿಂತು ಕೂಗಾಡಿದರು. “ಆ ಮಗೀನ ಮನೇಗ್ ಕಳ್ಸ್‌ಬುಡಿ ಟೀಚರಮ್ಮ. ಇಲ್ದಿದ್ರೆ ನಮ್ ಬೀದಿ ಮಕ್ಳು ಒಂದೂ ಬರಾಕಿಲ್ಲ.”

ಪ್ರೀತಿಯ ತಾಯಿ ಅನುಪಮಾ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಗುವನ್ನು ಕಳಿಸಿದರೆ ತಾಯಿ ಕೆಲಸ ಬಿಡಬೇಕು. “ನಾಳೆ ಒಂದಿನ ನೋಡ್ತೀನಿ ಚಾಮುಂಡಮ್ಮ” ಎಂದರು ಪುಟ್ಟಲಿಂಗಮ್ಮ. ಏನು ನೋಡಬೇಕೆಂದು ಅವರಿಗೇ ಗೊತ್ತಿರಲಿಲ್ಲ.

ಮರುದಿನ ಅದೇ ಯೋಚನೆಯಲ್ಲಿ ಒಗ್ಗರಣೆ ಸೀದುಹೋಯಿತು. ಮೆಣಸಿನಕಾಯಿ ಘಾಟಿಗೆ ಇಡೀ ಕೋಣೆ ಕೆಮ್ಮತೊಡಗಿತು. ರಸ್ತೆಗೆ ಬಿಡುವಂತಿಲ್ಲ. ವಿಧಿಯಿಲ್ಲದೆ ಹಿತ್ತಿಲ ಚಿಲಕ ಎಳೆದರು.

ಹೊರಗೆ ಎಳೆಬಿಸಿಲು. ಚಾಮುಂಡಮ್ಮ ನೆನೆಸಿದ ಅವರೆಕಾಳಿನ ಬುಟ್ಟಿ ಮುಂದಿಟ್ಟುಕೊಂಡು ಹಿತಕುತ್ತಿದ್ದರು. ಮಕ್ಕಳು ಹೇಳದೆ ಕೇಳದೆ ಸುತ್ತ ಕೂತುಬಿಟ್ಟವು. ಎರಡು ಬೆರಳಲ್ಲಿ ಒತ್ತಿದರೆ ಕಾಳು ಸಿಪ್ಪೆ ಬಿಟ್ಟು ಪುಳಕ್ಕನೆ ಹಾರುವುದು, ಇವು ಕೇಕೆ ಹಾಕುವುದು. ಅಷ್ಟರಲ್ಲಿ ಸಿದ್ದು ಬುಟ್ಟಿಗೆ ಕೈಹಾಕುವ ಭರದಲ್ಲಿ ಪ್ರೀತಿಯನ್ನು ನೂಕಿದ.

ಪುಟ್ಟಲಿಂಗಮ್ಮ ಬಿಡಿಸಲು ಮುಂದೆ ಬಾಗಿದರು. ಪ್ರೀತಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಎದ್ದು ಬುಟ್ಟಿಯ ಆಚೆ ಬದಿಗೆ ಹೋಗಿ ಕೂತು ಕಾಳು ಹಿತಕಿದಳು, ಅಷ್ಟೇ. ಒಳಗೆ ಎದ್ದುಹೋಗುವುದಕ್ಕೆ ಆಚೆ ಬದಿ ಎಂಬುದೇ ಇರಲಿಲ್ಲವಲ್ಲ!

“ಮಗೂದೇನೂ ತಪ್ಪಿಲ್ಲ ಚಾಮುಂಡಮ್ಮ” ಎಂದರು ಟೀಚರು. “ನಾನೇ ಅದನ್ನ ಸಂದೀಗೆ ತಳ್ಳಿ ಕೂರಿಸಿದ್ದೆ. ಬೆಳಿಗ್ಗೆ ಹೊತ್ತು ಈ ಜಾಗ ಕೊಡ್ತೀರಾ?”

ಅಜ್ಜಿ ಕಾಳು ಹಿತಕುತ್ತಲೇ ಮೊಮ್ಮಗನತ್ತ ನೋಡಿದರು. ಸಿದ್ದು ಆಗಲೇ ಪ್ರೀತಿಯ ಪಕ್ಕಕ್ಕೆ ತೆವಳಿದ್ದ. “ಹಸೀ ಕಾಳು ಬಾಯಿಗ್ ಹಾಕ್ದಂಗೆ ನೋಡ್ಕಳಿ” ಎಂದು ಸಿಡುಕಿದರು. ಆಮೇಲೆ, “ಚಿಲಕ ಹಾಕ್‌ಬ್ಯಾಡಿ” ಎಂದರು.

ಸಂಜೆ ಅನುಪಮಾ ಓಡೋಡಿ ಬಂದಳು. ಬಂದವಳು ದಿನದಂತೆ ಮಗಳ ಮುಖ ನೋಡುವ ಮೊದಲೇ ಕೈಮುಗಿದಳು. “ಇವತ್ತು ಯಾರಿಗೆ, ಟೀಚರ್?”

“ಯಾರಿಗೂ ಇಲ್ಲ ಕಣಮ್ಮ. ನಾಳೆ ಬೇಗ ಕರ್ಕೊಂಡ್ ಬಾ. ಅಜ್ಜಿ ಇನ್ನೊಂದು ಬುಟ್ಟಿ ಕಾಳು ನೆನೆಹಾಕವ್ರೆ.”

ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅನುಪಮಾ ಅದರಲ್ಲೇ ಮುಖ ಮುಚ್ಚಿಕೊಂಡಳು.