ಪಾಟಿಯ ಮೇಲೆ ಬರೆದ ಜಾಗ

ಸರ್ ಅವರ ಎಡಗಿವಿಯ ಮೇಲೆ ಸದಾ ಒಂದು ಬಳಪ ಸಿಕ್ಕಿಸಿರುತ್ತಿತ್ತು. ಬೈಲಹೊಂಗಲದ ಬಜಾರದಲ್ಲಿ, ಅರಿವೆ ಅಂಗಡಿಯ ಮೇಲಿದ್ದ ಅವರ ಕಂಪ್ಯೂಟರ್ ಕ್ಲಾಸಿನ ಗೋಡೆಗೊಂದು ಪಾಟಿ. ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ದಿನಾ ಬೆಳಿಗ್ಗೆ ಅದರ ಮೇಲೆ ಬರೆಯುತ್ತಿದ್ದರು.

ಸರ್ವರ್ ಕೆಲಸ ಕಲಿಸಲು ಎಂಟು ದೊಡ್ಡ ಕಂಪ್ಯೂಟರ್ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಇದ್ದ ಒಂದರೊಳಗೇ ನಮ್ಮ ಎಂಟೂ ಜನರಿಗೆ ಒಂದೊಂದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್, ಮಾಡಿಕೊಟ್ಟಿದ್ದರು. ಪ್ರತಿಯೊಂದಕ್ಕೂ ಹೆಸರಿಗೆ ಇಪ್ಪತ್ತು ಜಿಬಿ ಡಿಸ್ಕು. ನಿಜವಾಗಿ, ತುಂಬಿದಷ್ಟೇ ಬೆಳೆದು ಹಾರ್ಡ್ ಡಿಸ್ಕಿನ ಜಾಗ ತಿನ್ನುತ್ತಿತ್ತು. ಬೆಳೆದದ್ದು ಮಾತ್ರ ತಾನಾಗಿ ಕುಗ್ಗುತ್ತಿರಲಿಲ್ಲ. "ಒಳಗ ಅಳಿಸಿದ್ರ ಹೊರಗ ಜಾಗಾ ಬಂತು ಅಂತ ತಿಳೀಬ್ಯಾಡ್ರಿ" ಎಂದು ದಿನಕ್ಕೆ ಹತ್ತು ಸಲ ಹೇಳುವರು.

ಶನಿವಾರ ಒಂದೊಂದೇ ಡಿಸ್ಕನ್ನು ಕುಗ್ಗಿಸುತ್ತ ಕೂರುವರು. ಆಗ, ತೀರಿಹೋದ ಹೆಂಡತಿ ಹಾಡಿದ ಬೀಸುವ ಪದಗಳನ್ನು ಹಚ್ಚುವರು. ಕ್ಯಾಸೆಟ್ಟು ಪೂರ್ತಿ ಕೆಡುವ ಮೊದಲು ಅದೇ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಿದ್ದರು. ದನಿ ಕೆಡಬಾರದೆಂದು ದೊಡ್ಡ ಫೈಲುಗಳಾಗಿಯೇ ಇಟ್ಟಿದ್ದರು. ಬೇರೆಡೆ ಪ್ರತಿ ಇರಲಿಲ್ಲ.

ನೇಸರಗಿಯಿಂದ ಬರುತ್ತಿದ್ದ ನಾನು ಮಹಾ ಜಾಣೆ. ನನ್ನ ಮಷೀನಿನೊಳಗೆ ಸಿನಿಮಾ ತುಂಬಿಕೊಂಡು, ನೋಡಿ, ಅಳಿಸಿದೆ. ಆ ಶನಿವಾರ ಸರ್ ಊರಲ್ಲಿರಲಿಲ್ಲ; ಕುಗ್ಗಿಸುವ ಕೆಲಸ ನನಗೆ ವಹಿಸಿದ್ದರು. ಅಳಿಸಿಯಾಗಿದೆಯಲ್ಲ ಎಂದು ನನ್ನದೊಂದನ್ನು ಬಿಟ್ಟು ಬಸ್ಸು ಹಿಡಿದೆ. ಎಲ್ಲ ಆಗಿದೆ ಎಂದು ಸರ್‌ಗೆ ಸುಳ್ಳು ಹೇಳಿದೆ.

ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ನನ್ನ ಮಾತು ನಂಬಿ ಸರ್ ಅಂದು ಪಾಟಿ ಬರೆದಿರಲಿಲ್ಲ. ಪರೀಕ್ಷಕರು ಬಂದು ಕೂತಿದ್ದಾರೆ, ಹಾರ್ಡ್ ಡಿಸ್ಕು ತುಂಬಿ ಎಂಟೂ ಮಷೀನು ನಿಂತುಬಿಟ್ಟವು. ಕುಗ್ಗಿಸಲು ಗಂಟೆಗಟ್ಟಲೆ ಬೇಕು. ಉಬ್ಬಿದ ಡಿಸ್ಕು ಯಾರದೆಂದು ಸರ್‌ಗೆ ಕಂಡಿತು. ಅದನ್ನು ಅಳಿಸಿದ್ದರೆ ಏಳು ಜನ ಪಾರಾಗುತ್ತಿದ್ದರು, ನಾನೊಬ್ಬಳು ನಪಾಸು. ನನ್ನ ಮುಖವನ್ನು ಒಮ್ಮೆ ನೋಡಿದರು. ಹಾಡುಗಳನ್ನು ಅಳಿಸಿದರು. "ಮಾಡ್ರಿ, ಟೈಮ್ ಹೊಂಟೈತಿ" ಎಂದರು.

ಅಲ್ಲಿಂದ ಮುಂದೆ ಶನಿವಾರಗಳಲ್ಲಿ ಆ ಕೋಣೆ ಸುಮ್ಮನಿರುತ್ತಿತ್ತು. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಪಾಸಾದೆ. ಕಾರ್ಖಾನೆಯೊಂದರ ಸರ್ವರ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಇಂದಿಗೂ ಅದೇ ಅನ್ನ ಉಣ್ಣುತ್ತಿದ್ದೇನೆ. ಕೆಲವು ವರ್ಷಗಳ ಮೇಲೆ ಸರ್ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಓಡಿಹೋದೆ. ತಪ್ಪು ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದರು.

"ತಂಗಿ, ನೀ ಶನಿವಾರಕ್ಕೊಮ್ಮೆ ಕೇಳ್ತಿದ್ದೆಲ್ಲಾ, ಅಕೀ ಹಾಡಿನ್ಯಾಗ ಒಂದು ನುಡಿಯರ ನೆನಪೈತೇನು?"

ವರ್ಷವಿಡೀ ಕೇಳಿದ್ದೆ. ಅಳಿಸಿದ ಆ ಸಿನಿಮಾದ ಹಾಡುಗಳು ಪೂರ್ತಿ ಬಾಯಿಗೆ ಬರುತ್ತಿದ್ದವು. ಆ ಬೀಸುವ ಪದಗಳಲ್ಲಿ ಒಂದು ಸಾಲೂ ನೆನಪಿರಲಿಲ್ಲ. ಇಲ್ರಿ ಸರ್ ಎಂದೆ.

"ನನಗೂ ನೆನಪಾಗವಲ್ದವಾ" ಎಂದರು.

ನಾಲ್ಕನೆಯ ದಿನ ತೀರಿಕೊಂಡರು. ತಪ್ಪು ನನ್ನದೆಂದು ನಾನು ಹೇಳಲೇ ಇಲ್ಲ.